ಅಸ್ಥಿಗೆ ಹೆಸರಿಟ್ಟವರು

ಮನುಷ್ಯದೇಹದಲ್ಲಿ ಎಲುಬುಗಳೆಷ್ಟು ಎಂಬ ಪ್ರಶ್ನೆಗೆ ಚರಕಸಂಹಿತೆಯು 360 ಎಂದೂ, ಸುಶ್ರುತಸಂಹಿತೆಯು ಶಲ್ಯತಂತ್ರದ ಮತದಂತೆ 300 ಎಂದೂ ಉತ್ತರವೀಯುತ್ತವೆ. ಇಂದಿನ ಅಂಗರಚನಾಶಾಸ್ತ್ರವು 206 ಎನ್ನುತ್ತದೆ. ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡುದರಿಂದ ಪ್ರಾಚೀನರ ಸಂಖ್ಯೆ ಹಿಗ್ಗಿತೇ ಹೊರತು ಅವರು ಕಣ್ಣಿನಿಂದ ಕಾಣದೆ ಬರೆದವರೆಂದು ಹೇಳುವ ಹಾಗಿಲ್ಲ; ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ಬಳಿಕ ಲಾವಂಚ ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ತಿಕ್ಕಿ, ಒಳಗಿರುವುದೆಲ್ಲವನ್ನೂ ಪ್ರತ್ಯಕ್ಷವಾಗಿ ನೋಡಬೇಕೆಂದು ವಿಧಿಸಿದವನು ಸುಶ್ರುತನೇ. ಆದರೂ ಎಲ್ಲಿಯೋ ದೊರೆತ ಒಂದು ಎಲುಬನ್ನು ಕೈಯಲ್ಲಿ ಹಿಡಿದು, ಇದು ಯಾರದು ಎಂದು ಕೇಳುವ ವಿದ್ಯೆ ಆ ಶಾಸ್ತ್ರದಿಂದ ಕವಲೊಡೆಯಲಿಲ್ಲ. ದಹನಸಂಸ್ಕಾರವುಳ್ಳ ಜನದಲ್ಲಿ ಅಸ್ಥಿಯು ಕೈಗೆ ಬರುವುದು ಸಂಚಯನದ ದಿನ. ಅದು ಯಾರದೆಂಬುದು ಅಲ್ಲಿ ನಿಂತವರಿಗೆಲ್ಲ ಗೊತ್ತು. ನಾಮಗೋತ್ರಗಳ ಉಚ್ಚಾರಣೆಯೊಡನೆಯೇ ಅದು ಮಡಕೆಯನ್ನು ಸೇರಿ, ಶ್ರೀರಂಗಪಟ್ಟಣದಲ್ಲಿಯೋ ಗೋಕರ್ಣದಲ್ಲಿಯೋ ನೀರಿಗೆ ಬೀಳುತ್ತದೆ. ಎಲುಬು ಒಂದು ಪ್ರಶ್ನೆಯಾಗಿ ಎದುರು ನಿಲ್ಲುವುದು ಸತ್ತವನ ಬಳಿ ಅಳುವವರು ಯಾರೂ ಇಲ್ಲದಂತೆ ಸಾವು ಒದಗಿದಾಗ, ಅಥವಾ ಅಳುವವರ ಕೈಗೆ ದೇಹವು ಸಿಕ್ಕದಂತೆ ಮತ್ತೊಬ್ಬರು ಮಾಡಿದಾಗ.

ಆ ಪ್ರಶ್ನೆಗೆ ಉತ್ತರ ಹುಡುಕುವ ವೃತ್ತಿಗೆ ಈಗ ನ್ಯಾಯಿಕ ಮಾನವಶಾಸ್ತ್ರವೆಂಬ ಹೆಸರು ನಿಂತಿದೆ. ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದ ನಮಗೆ, ಆ ಶಾಸ್ತ್ರಜ್ಞನು ಬುರುಡೆಯನ್ನು ಒಮ್ಮೆ ತಿರುಗಿಸಿ ನೋಡಿ ಸತ್ತವನ ಹೆಸರನ್ನು ಹೇಳಿಬಿಡುವನೆಂಬ ಕಲ್ಪನೆಯುಂಟು. ವಾಸ್ತವದಲ್ಲಿ ಎಲುಬು ಹೇಳುವುದು ವರ್ಗವನ್ನು ಮಾತ್ರ: ಗಂಡಸು, ಮೂವತ್ತರ ಆಚೀಚೆಯವನು, ಎತ್ತರ ಐದೂವರೆ ಅಡಿಗೆ ಸಮೀಪ, ಎಡಮುಂಗೈ ಒಮ್ಮೆ ಮುರಿದು ಕೂಡಿಕೊಂಡಿದೆ, ಇಷ್ಟು. ಇಂಥವರು ಒಂದು ಊರಿನಲ್ಲಿಯೇ ನೂರು ಮಂದಿ ಇದ್ದಾರು. ಮದುವೆಗೆ ಜಾತಕ ಕೂಡಿಸುವಾಗ ಒಂದು ಜಾತಕದಿಂದ ಏನೂ ನಡೆಯದಂತೆ, ಇಲ್ಲಿಯೂ ಎಲುಬಿನ ಬರಹದ ಎದುರಿಗೆ ಇನ್ನೊಂದು ಬರಹವನ್ನು ಇಡಬೇಕಾಗುತ್ತದೆ. ಅದು ಬದುಕಿರುವವರ ಬಳಿ ಇರತಕ್ಕದ್ದು. ದಂತವೈದ್ಯನ ಅಚ್ಚು, ಗೋಡೆಯ ಮೇಲಣ ಭಾವಚಿತ್ರ, ಸೈನ್ಯದ ದಫ್ತರ, ತಾಯಿಯ ನೆನಪು, ಕೊನೆಗೆ ಅಜ್ಜಿಯ ರಕ್ತ. ಈ ವೃತ್ತಿಯ ಚರಿತ್ರೆಯನ್ನು ಸಾಮಾನ್ಯವಾಗಿ ಎಲುಬುಗಳ ಕಡೆಯಿಂದ ಬರೆಯುತ್ತಾರೆ. ಬದುಕಿರುವವರು ಕಾದಿಟ್ಟುಕೊಂಡ ಆ ಎರಡನೆಯ ಬರಹದ ಕಡೆಯಿಂದ ನೋಡಿದರೆ ಅದು ಇನ್ನೂ ಚೆನ್ನಾಗಿ ಅರ್ಥವಾಗುವುದೆಂದು ನನ್ನ ಅಭಿಪ್ರಾಯ.

ಮೊದಲು ಎಲುಬು ತಾನಾಗಿ ಏನು ಹೇಳಬಲ್ಲುದೆಂಬುದನ್ನು ನೋಡಬೇಕು. ಸ್ತ್ರೀಪುರುಷಭೇದವನ್ನು ಅತ್ಯಂತ ವಿಶದವಾಗಿ ತೋರುವುದು ಶ್ರೋಣಿ, ಎಂದರೆ ಸೊಂಟದ ಎಲುಬುಗಳ ಕಟ್ಟು. ಪ್ರಸವಕ್ಕೆ ಎಡೆಗೊಡಬೇಕಾದುದರಿಂದ ಹೆಂಗಸಿನ ಶ್ರೋಣಿ ಹೆಚ್ಚು ಅಗಲವಾಗಿರುತ್ತದೆ. ಮುಂಭಾಗದಲ್ಲಿ ಎರಡು ಪಕ್ಕದ ಎಲುಬುಗಳೂ ಕೂಡುವೆಡೆಯ ಕೆಳಗಣ ಕೋನವು ಗಂಡಸಿನಲ್ಲಿ ಕಿರಿದು, ಹೆಂಗಸಿನಲ್ಲಿ ವಿಶಾಲ. ತಲೆಬುರುಡೆಯ ಹುಬ್ಬಿನ ದಿಂಡು, ಕಿವಿಯ ಹಿಂದಣ ಉಬ್ಬು, ದವಡೆಯ ಮೂಲೆ, ಇವುಗಳ ಒರಟುತನದಿಂದಲೂ ಊಹಿಸಬಹುದಾದರೂ, ದಪ್ಪ ಎಲುಬಿನ ಹೆಂಗಸರೂ ಕೋಮಲಾಂಗರಾದ ಗಂಡಸರೂ ಲೋಕದಲ್ಲಿ ಧಾರಾಳವಾಗಿರುವುದರಿಂದ, ಬಲ್ಲವರು ತಲೆಗಿಂತ ಸೊಂಟವನ್ನೇ ನಂಬುತ್ತಾರೆ. ಇನ್ನು ವಯಸ್ಸು. ಮಗುವಿನ ನೀಳವಾದ ಎಲುಬುಗಳು ನಡುದಂಡವೇ ಬೇರೆ, ತುದಿಗಳೇ ಬೇರೆಯಾಗಿ ಬೆಳೆದು, ಒಂದೊಂದು ಕೀಲಿನಲ್ಲಿ ಒಂದೊಂದು ನಿಯತಕಾಲಕ್ಕೆ ಬೆಸೆದುಕೊಳ್ಳುತ್ತವೆ. ಎಲ್ಲಕ್ಕೂ ಕಡೆಯದಾಗಿ, ಇಪ್ಪತ್ತರ ಪ್ರಾಯವೆಲ್ಲ ಕಳೆಯುತ್ತ ಬಂದಾಗ, ಕೊರಳೆಲುಬಿನ ಎದೆಯ ಕಡೆಯ ತುದಿ ಕೂಡುತ್ತದೆ. ಅಲ್ಲಿಗೆ ಬೆಳವಣಿಗೆಯ ಕಥೆ ಮುಗಿದು ಸವಕಳಿಯ ಕಥೆ ಆರಂಭವಾಗುವುದರಿಂದ, ಇಪ್ಪತ್ತರ ತರುಣನ ವಯಸ್ಸನ್ನು ಎರಡು ಮೂರು ವರ್ಷಗಳ ಅಂತರದಲ್ಲಿ ಹೇಳಬಲ್ಲ ಪಂಡಿತನು, ಐವತ್ತು ಮೀರಿದವನ ವಿಷಯದಲ್ಲಿ ಹತ್ತು ಹದಿನೈದು ವರ್ಷಗಳ ಸಡಿಲವನ್ನು ಬೇಡಬೇಕಾಗುತ್ತದೆ. ಈ ಸಡಿಲವನ್ನು ಬಚ್ಚಿಡದೆ ಬಾಯಿಬಿಟ್ಟು ಹೇಳುವವನೇ ನ್ಯಾಯಸ್ಥಾನದಲ್ಲಿ ನಂಬಿಕೆಗೆ ಅರ್ಹನಾದ ಸಾಕ್ಷಿ.

ಇಂಥ ಸಾಕ್ಷ್ಯವು ಮೊದಲ ಬಾರಿಗೆ ಲೋಕವಿಖ್ಯಾತವಾದದ್ದು ಅಮೆರಿಕದ ಬಾಸ್ಟನ್ ನಗರದಲ್ಲಿ. 1849ನೆಯ ನವೆಂಬರ್ 23ರಂದು ಜಾರ್ಜ್ ಪಾರ್ಕ್‌ಮನ್ ಎಂಬ ಧನಿಕನು ಮನೆಯಿಂದ ಹೊರಟು ಹಿಂದಿರುಗಲಿಲ್ಲ. ವೈದ್ಯವಿದ್ಯೆಯನ್ನು ಕಲಿತಿದ್ದರೂ ಅದನ್ನು ಬಿಟ್ಟು, ಮನೆಬಾಡಿಗೆಯನ್ನೂ ಸಾಲದ ಬಡ್ಡಿಯನ್ನೂ ಕಾಲುನಡೆಯಲ್ಲಿ ಸುತ್ತಿ ತಾನೇ ವಸೂಲು ಮಾಡುತ್ತಿದ್ದ ಆ ಕೃಶಕಾಯನ, ಮುಂದಕ್ಕೆ ಚಾಚಿದ ಗಲ್ಲದ ಆಕೃತಿಯನ್ನು ಊರಿನಲ್ಲಿ ಅರಿಯದವರಿರಲಿಲ್ಲ. ಹಾರ್ವರ್ಡ್ ವೈದ್ಯಕಾಲೇಜಿನ ಹೊಸ ಕಟ್ಟಡಕ್ಕೆ ನಿವೇಶನವನ್ನು ದಾನವಿತ್ತವನು ಅವನೇ. ಅಲ್ಲಿಯ ಅಂಗರಚನಾಶಾಸ್ತ್ರದ ಪೀಠಕ್ಕೆ ಅವನದೇ ಹೆಸರು. ಅದೇ ಕಟ್ಟಡದ ಕೆಳ ಅಂತಸ್ತಿನಲ್ಲಿ ಪ್ರಯೋಗಶಾಲೆಯನ್ನು ಇಟ್ಟುಕೊಂಡಿದ್ದ ರಸಾಯನಶಾಸ್ತ್ರದ ಪ್ರೊಫೆಸರ್ ಜಾನ್ ವೈಟ್ ವೆಬ್‌ಸ್ಟರ್ ಎಂಬವನು ಅವನಲ್ಲಿ ಸಾಲ ಮಾಡಿ, ತನ್ನ ಖನಿಜಸಂಗ್ರಹವನ್ನು ಅವನಿಗೆ ಆಧಾರ ಬರೆದುಕೊಟ್ಟು, ಅದೇ ಸಂಗ್ರಹದ ಮೇಲೆ ಇನ್ನೊಬ್ಬನಲ್ಲಿಯೂ ಹಣ ಪಡೆದಿದ್ದನು. ಒಂದು ವಾರದ ತರುವಾಯ, ಕಾಲೇಜಿನ ಕಾವಲುಗಾರನಾದ ಲಿಟ್ಲ್‌ಫೀಲ್ಡನು ಸಂಶಯದಿಂದ ಪ್ರಯೋಗಶಾಲೆಯ ಕೆಳಗಣ ಶೌಚಕೂಪದ ಗೋಡೆಯನ್ನು ಕನ್ನವಿಕ್ಕಿ ದೀಪ ಹಿಡಿದು ನೋಡಲು, ಶ್ರೋಣಿಯ ಭಾಗವೂ ಕಾಲಿನ ತುಂಡುಗಳೂ ಕಂಡವು. ಮುಂಡವು ಚಹದ ಪೆಟ್ಟಿಗೆಯೊಂದರಲ್ಲಿಯೂ, ಸುಟ್ಟು ಕರಗಿದ ಎಲುಬಿನ ಚೂರುಗಳೂ ಕೃತಕದಂತಗಳೂ ಕುಲುಮೆಯ ಬೂದಿಯಲ್ಲಿಯೂ ದೊರೆತವು.

ಶವಗಳನ್ನು ಕೊಯ್ದು ಪಾಠ ಹೇಳುವ ಕಟ್ಟಡದಲ್ಲಿ ಶವದ ತುಂಡು ಸಿಕ್ಕಿತೆಂದರೆ ಅದರಲ್ಲಿ ಆಶ್ಚರ್ಯವೇನು ಎಂಬುದು ಪ್ರತಿವಾದಿಯ ಕಡೆಯ ಸಹಜವಾದ ಮಾತು. ಆದುದರಿಂದ 1850ರ ಮಾರ್ಚಿಯಲ್ಲಿ ಮುಖ್ಯ ನ್ಯಾಯಾಧೀಶ ಲೆಮ್ಯುಯೆಲ್ ಷಾ ಅವರ ಮುಂದೆ ವಿಚಾರಣೆ ನಡೆದಾಗ, ವೈದ್ಯಸಾಕ್ಷಿಗಳು ಮೊದಲು ಸ್ಥಾಪಿಸಬೇಕಾಗಿ ಬಂದದ್ದು ಈ ದೇಹವು ಪಾಠದ ದೇಹವಲ್ಲವೆಂಬುದನ್ನು. ಛೇದನಶಾಲೆಗೆ ಬಂದ ಶವಗಳಿಗೆ ಕೊಳೆಯದಂತೆ ದ್ರವವನ್ನು ತುಂಬುವ ರೂಢಿಯಿತ್ತು. ಈ ತುಂಡುಗಳ ರಕ್ತನಾಳಗಳಲ್ಲಿ ಅಂಥ ದ್ರವದ ಕುರುಹು ಇರಲಿಲ್ಲ. ಅದೂ ಅಲ್ಲದೆ ಛೇದನಶಾಲೆಯ ಉಪಾಧ್ಯಾಯನು ತನ್ನ ಪುಸ್ತಕವನ್ನು ತೆರೆದು, ಬಂದ ಶವಗಳೆಲ್ಲಕ್ಕೂ ಲೆಕ್ಕವುಂಟು, ಒಂದೂ ಕಡಮೆಯಾಗಿಲ್ಲವೆಂದು ಹೇಳಿದನು. ಹಾರ್ವರ್ಡಿನ ಜೆಫ್ರೀಸ್ ವೈಮನ್ ಕುಲುಮೆಯ ಚೂರುಗಳನ್ನು ಒಂದೊಂದಾಗಿ ಗುರುತಿಸಿ ಪಟ್ಟಿಮಾಡಿದನು. ಯಾವ ಎಲುಬೂ ಎರಡು ಬಾರಿ ಬಂದಿರಲಿಲ್ಲ. ಆದಕಾರಣ ದೇಹ ಒಂದೇ. ವಯಸ್ಸು ಐವತ್ತರಿಂದ ಅರುವತ್ತು. ಎತ್ತರ ಪಾರ್ಕ್‌ಮನ್ನನ ಎತ್ತರಕ್ಕೆ ಅಂಗುಲದ ಅಂತರವೂ ಇಲ್ಲದಷ್ಟು ಸಮೀಪ. ಪಾರ್ಕ್‌ಮನ್ ಪೀಠದ ಅಧ್ಯಾಪಕನೂ ಕಾಲೇಜಿನ ಡೀನನೂ ಆಗಿದ್ದ ಆಲಿವರ್ ವೆಂಡೆಲ್ ಹೋಮ್ಸ್, ಸಾಹಿತಿಯೆಂದು ನಮ್ಮ ಇಂಗ್ಲಿಷ್ ಓದುಗರಿಗೆ ಪರಿಚಿತನಾದವನು, ದೇಹವನ್ನು ತುಂಡರಿಸಿದ ಕೈ ಅಂಗರಚನೆಯನ್ನು ಬಲ್ಲ ಕೈಯೆಂದು ಸಾಕ್ಷ್ಯವಿತ್ತನು. ತನ್ನ ಪೀಠದ ದಾತನ ಎಲುಬುಗಳ ವಿಷಯವಾಗಿ, ತನ್ನ ಸಹೋದ್ಯೋಗಿಯ ಎದುರಿನಲ್ಲಿ ಹಾಗೆ ಹೇಳಬೇಕಾದ ಸಂಕಟ ಮತ್ತಾವ ಅಧ್ಯಾಪಕನಿಗೂ ಒದಗದಿರಲಿ.

ಇಷ್ಟಾದರೂ ಸಿದ್ಧವಾದದ್ದು ವರ್ಗ ಮಾತ್ರ: ಅಷ್ಟು ವಯಸ್ಸಿನ, ಅಷ್ಟು ಎತ್ತರದ ಒಬ್ಬ ಗಂಡಸು. ಹೆಸರನ್ನು ತಂದವನು ನೇಥನ್ ಕೀಪ್ ಎಂಬ ದಂತವೈದ್ಯ. 1846ರಲ್ಲಿ ಆ ಕಾಲೇಜಿನ ಪ್ರಾರಂಭೋತ್ಸವದ ಹೊತ್ತಿಗೆ ಹೊಸ ಹಲ್ಲುಗಳು ಬೇಕೆಂದು ಪಾರ್ಕ್‌ಮನ್ ಅವಸರಪಡಿಸಿದ್ದನಾಗಿ, ಕೀಪನಿಗೆ ಆ ಕೆಲಸ ಚೆನ್ನಾಗಿ ನೆನಪಿತ್ತು. ಬಳಿಕ ನಾಲಗೆಗೆ ಎಡೆ ಸಾಲದೆಂದು ದೂರಿದ್ದರಿಂದ ಕೆಳಸಾಲಿನ ಒಳಮೈಯನ್ನು ತಾನೇ ಉಜ್ಜಿ ತಗ್ಗಿಸಿದ್ದೂ ನೆನಪಿತ್ತು. ಎಲ್ಲಕ್ಕೂ ಮಿಗಿಲಾಗಿ, ಆ ವಿಲಕ್ಷಣವಾದ ದವಡೆಯಿಂದ ತೆಗೆದ ಗಾರೆಯಚ್ಚನ್ನು ಅವನು ಬಿಸುಡದೆ ಇಟ್ಟುಕೊಂಡಿದ್ದನು. ಬೂದಿಯಲ್ಲಿ ದೊರೆತ ಹಲ್ಲುಗಳ ತುಂಡನ್ನು ನ್ಯಾಯಸ್ಥಾನದಲ್ಲಿ ಅಚ್ಚಿನ ಮೇಲಿಟ್ಟಾಗ ಅದು ತನ್ನ ಸ್ಥಾನದಲ್ಲಿ ಕುಳಿತಿತು. ಕೀಪನು ಕಣ್ಣೀರಿಟ್ಟನೆಂದು ವರದಿಗಳಿವೆ. ಪ್ರತಿವಾದಿಯ ಪರವಾಗಿ ಬಂದ ಮಾರ್ಟನ್, ಈಥರಿನಿಂದ ಪ್ರಜ್ಞೆ ತಪ್ಪಿಸುವ ವಿಧಾನವನ್ನು ಲೋಕಕ್ಕೆ ತೋರಿಸಿ ಕೀರ್ತಿ ಪಡೆದಿದ್ದ ಅದೇ ಮಾರ್ಟನ್, ಇಂಥ ಹಲ್ಲಿನ ತುಂಡು ಅನೇಕ ಅಚ್ಚುಗಳಿಗೆ ಹೊಂದೀತೆಂದು ವಾದಿಸಿದನು. ಜೂರಿಯವರು ಕೀಪನನ್ನೇ ನಂಬಿದರು. ವೆಬ್‌ಸ್ಟರನು ಶಿಕ್ಷೆಯಾದ ಮೇಲೆ ತಪ್ಪನ್ನೊಪ್ಪಿಕೊಂಡು, 1850ನೆಯ ಆಗಸ್ಟ್ 30ರಂದು ಗಲ್ಲಿಗೇರಿದನು.

ಹೋಮ್ಸನ ತರುವಾಯ 1883ರಲ್ಲಿ ಅದೇ ಪಾರ್ಕ್‌ಮನ್ ಪೀಠಕ್ಕೆ ಬಂದ ಥಾಮಸ್ ಡ್ವೈಟ್, ಅದಕ್ಕೆ ಐದು ವರ್ಷ ಮುಂಚೆಯೇ ಮಾನವಕಂಕಾಲವನ್ನು ಗುರುತಿಸುವ ಬಗೆಯನ್ನು ಕುರಿತು ಪ್ರಬಂಧವೊಂದನ್ನು ಬರೆದು ಬಹುಮಾನ ಪಡೆದಿದ್ದನು. ಅಮೆರಿಕದಲ್ಲಿ ಈ ಶಾಸ್ತ್ರದ ಪಿತಾಮಹನೆಂದು ಅವನನ್ನು ಹೇಳುವುದುಂಟು. 1897ರಲ್ಲಿ ಷಿಕಾಗೊ ನಗರದಲ್ಲಿ, ಹೆಂಡತಿಯನ್ನು ಕ್ಷಾರದ ತೊಟ್ಟಿಯಲ್ಲಿ ಕರಗಿಸಿದನೆಂಬ ಆರೋಪಕ್ಕೆ ಗುರಿಯಾದ ಲೂಟ್‌ಗರ್ಟ್ ಎಂಬ ಮಾಂಸದ ವ್ಯಾಪಾರಿಯ ಮೊಕದ್ದಮೆಯಲ್ಲಿ, ಬೆರಳತುದಿಯ ಗಾತ್ರದ ಎಲುಬಿನ ಚೂರುಗಳನ್ನು ಮನುಷ್ಯರವೆಂದು ಹೇಳಿದ ಜಾರ್ಜ್ ಡಾರ್ಸೆ ಎಂಬ ವಸ್ತುಸಂಗ್ರಹಾಲಯದ ವಿದ್ವಾಂಸನು, ಸಹಶಾಸ್ತ್ರಜ್ಞರ ಟೀಕೆಯನ್ನು ಸಹಿಸಲಾರದೆ ಈ ಕೆಲಸವನ್ನೇ ಬಿಟ್ಟನು. ಅವನ ಮಾತಿಗಿಂತ ಹೆಚ್ಚಾಗಿ, ತೊಟ್ಟಿಯಲ್ಲಿ ಸಿಕ್ಕ ಎರಡು ಉಂಗುರಗಳು ಜೂರಿಯ ಮನಸ್ಸನ್ನು ಒಲಿಸಿದವೆಂದು ತೋರುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇಷ್ಟುದ್ದದ ತೊಡೆಯೆಲುಬು ಇಷ್ಟೆತ್ತರದವನದೆಂಬ ನಿಯಮವಾಗಲಿ, ಶ್ರೋಣಿಯ ಸಂಧಿಮುಖ ಹೀಗಿದ್ದರೆ ಇಷ್ಟು ವಯಸ್ಸೆಂಬ ನಿಯಮವಾಗಲಿ, ಧ್ಯಾನದಿಂದ ದೊರೆತದ್ದಲ್ಲ. ಹೆಸರು, ವಯಸ್ಸು, ಎತ್ತರ ಮೊದಲೇ ತಿಳಿದಿರುವ ಸಾವಿರಾರು ದೇಹಗಳನ್ನು ಅಳೆದಲ್ಲದೆ, ತಿಳಿಯದ ಒಂದು ದೇಹದ ಅಳತೆಗೆ ಅರ್ಥ ಬಾರದು. ಫ್ರಾನ್ಸಿನಲ್ಲಿ ರೊಲೆ ಎಂಬವನು 1888ರಲ್ಲಿ 50 ಗಂಡಸರ, 50 ಹೆಂಗಸರ ಶವಗಳನ್ನು ಅಳೆದು ಪ್ರಕಟಿಸಿದ ಕೋಷ್ಟಕಗಳ ಮೇಲೆ, ಲಂಡನ್ನಿನ ಕಾರ್ಲ್ ಪಿಯರ್ಸನ್ 1899ರಲ್ಲಿ ಗಣಿತಸೂತ್ರಗಳನ್ನು ಕಟ್ಟಿದನು. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ವಿಂಗೇಟ್ ಟಾಡ್ ಮುಂದೆ ಮೂರು ಸಾವಿರವನ್ನು ಮೀರಿದ ಕಂಕಾಲಸಂಗ್ರಹವನ್ನು ಕೂಡಿಸುತ್ತ, ವಯಸ್ಸು ಏರಿದಂತೆ ಶ್ರೋಣಿಯ ಸಂಧಿಮುಖದಲ್ಲಾಗುವ ಬದಲಾವಣೆಯನ್ನು ಹತ್ತು ಅವಸ್ಥೆಗಳಾಗಿ ವಿಂಗಡಿಸಿ 1920ರಲ್ಲಿ ಪ್ರಕಟಿಸಿದನು. ಸೇಂಟ್ ಲೂಯಿಯಲ್ಲಿ ರಾಬರ್ಟ್ ಟೆರಿ ಕೂಡಿಸಿದ 1,700ಕ್ಕೂ ಮೀರಿದ ಕಂಕಾಲಗಳು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿವೆ. ಈ ದೇಹಗಳು ಯಾರವು? ಬಹುಮಟ್ಟಿಗೆ, ಆಸ್ಪತ್ರೆಯಲ್ಲಿಯೋ ಅನಾಥಾಲಯದಲ್ಲಿಯೋ ಸತ್ತು, ಕೇಳುವವರಿಲ್ಲದೆ ಕಾನೂನಿನ ಮೂಲಕ ವೈದ್ಯಕಾಲೇಜಿಗೆ ಬಂದ ಬಡವರವು. ಅವರಲ್ಲಿ ಕಪ್ಪು ಜನಾಂಗದವರು ಬಹುಮಂದಿ. ಪಾಶ್ಚಾತ್ಯ ದೇಶಗಳ ವಿದ್ಯಾರ್ಥಿಗಳ ಮೇಜಿನ ಮೇಲೆ ತಂತಿಯಿಂದ ಪೋಣಿಸಿ ನಿಲ್ಲಿಸಿದ ಕಂಕಾಲಗಳಲ್ಲಿ ಬಹುಪಾಲು ಕಲ್ಕತ್ತೆಯಿಂದ ಹಡಗೇರಿ ಹೋದವು. ಭಾರತಸರ್ಕಾರವು 1985ರಲ್ಲಿ ನಿಷೇಧಿಸುವವರೆಗೂ ಅದೊಂದು ಕ್ರಮವಾದ ರಫ್ತು ವ್ಯಾಪಾರವಾಗಿತ್ತು. ತಮ್ಮ ಎಲುಬನ್ನು ಕೇಳುವವರಿಲ್ಲದೆ ಹೋದ ಜನರೇ, ಅನ್ಯರ ಎಲುಬನ್ನು ಗುರುತಿಸುವ ಅಳತೆಗೋಲಾದರು. ಈ ಶಾಸ್ತ್ರವನ್ನು ಹೊಗಳುವ ಪುಸ್ತಕಗಳಲ್ಲಿ ಅವರ ಪ್ರಸ್ತಾಪ ವಿರಳ.

ನಮ್ಮ ದೇಶದವನೊಬ್ಬನು ಈ ಶಾಸ್ತ್ರದ ಚರಿತ್ರೆಯಲ್ಲಿ ಅಳಿಸಲಾಗದ ಸ್ಥಾನ ಪಡೆದದ್ದು ಹೆಮ್ಮೆ ಪಡತಕ್ಕ ರೀತಿಯಲ್ಲಲ್ಲ. ಮುಂಬಯಿಯ ಪಾರಸಿ ಮನೆತನದಲ್ಲಿ 1899ರಲ್ಲಿ ಹುಟ್ಟಿದ ಬುಖ್ತಿಯಾರ್ ರುಸ್ತುಮ್‌ಜಿ ರತನ್‌ಜಿ ಹಕೀಮ್ ಎಂಬವನು, ಅಲ್ಲಿಯೇ ವೈದ್ಯವಿದ್ಯೆ ಕಲಿತು, ಇಂಗ್ಲೆಂಡಿಗೆ ಹೋಗಿ ಬಕ್ ರಕ್ಸ್‌ಟನ್ ಎಂದು ಹೆಸರು ಬದಲಿಸಿಕೊಂಡು, ಲ್ಯಾಂಕಾಸ್ಟರ್ ಪಟ್ಟಣದ ಡಾಲ್ಟನ್ ಚೌಕದಲ್ಲಿ ವೈದ್ಯನಾಗಿ ನೆಲೆಸಿ, ಬಡರೋಗಿಗಳ ಪ್ರೀತಿಯನ್ನು ಗಳಿಸಿದ್ದನು. ಅವನೊಡನೆ ಪತ್ನಿಯಾಗಿ ಬಾಳುತ್ತಿದ್ದ ಇಸಬೆಲ್ಲಾಳ ಮೇಲೆ ಅವನಿಗೆ ಮಿತಿಯಿಲ್ಲದ ಸಂಶಯ. 1935ನೆಯ ಸೆಪ್ಟೆಂಬರ್ ಮಧ್ಯದಲ್ಲಿ ಆಕೆಯೂ, ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಮೇರಿ ರೋಜರ್ಸನ್ ಎಂಬ ಇಪ್ಪತ್ತು ವರ್ಷದ ಹುಡುಗಿಯೂ ಕಾಣದಾದರು. ಅದೇ ತಿಂಗಳು 29ರಂದು, ಅಲ್ಲಿಂದ ಸುಮಾರು ನೂರು ಮೈಲಿ ಉತ್ತರಕ್ಕೆ, ಸ್ಕಾಟ್ಲೆಂಡಿನ ಮಾಫೆಟ್ ಊರಿನ ಬಳಿ, ಕಣಿವೆಯ ಸೇತುವೆಯಿಂದ ಕೆಳಗೆ ಇಣಿಕಿದ ಹೆಂಗಸೊಬ್ಬಳಿಗೆ ಹಳ್ಳದ ಬಂಡೆಯ ಪಕ್ಕದಲ್ಲಿ ಗಂಟೊಂದರಿಂದ ಚಾಚಿದ ತೋಳು ಕಂಡಿತು. ಹುಡುಕಿದಷ್ಟೂ ಗಂಟುಗಳು ದೊರೆತು, ತುಂಡುಗಳ ಸಂಖ್ಯೆ 70ರ ಸಮೀಪಕ್ಕೆ ಏರಿತು.

ಕೊಂದವನು ವೈದ್ಯನಾದುದರಿಂದ, ಯಾವುದರಿಂದ ಗುರುತು ಹತ್ತುವುದೆಂಬುದನ್ನು ಅರಿತು, ಕಣ್ಣು, ಕಿವಿ, ಮೂಗು, ತುಟಿಗಳನ್ನು ಕತ್ತರಿಸಿ ಹಾಕಿದ್ದನು, ಹಲ್ಲುಗಳನ್ನು ಕಿತ್ತಿದ್ದನು, ಮೇರಿಯ ಕಣ್ಣಿನಲ್ಲಿ ಮೆಳ್ಳೆಯಿತ್ತಾಗಿ ಆ ತಲೆಯಲ್ಲಿ ಕಣ್ಣುಗಳೇ ಇರಲಿಲ್ಲ, ಇಸಬೆಲ್ಲಾಳ ಕಾಲುಗಳು ಹರಡಿನ ಬಳಿ ದಪ್ಪವಾಗಿದ್ದುವಾಗಿ ಆ ಕಾಲುಗಳ ಮಾಂಸವನ್ನೇ ತೆಗೆದಿದ್ದನು. ಇಷ್ಟು ಜಾಣತನ ಮಾಡಿದವನು, ಗಂಟು ಕಟ್ಟಲು ಬಳಸಿದ ಪತ್ರಿಕೆಯ ಹಾಳೆಯನ್ನು ನೋಡಿಕೊಳ್ಳಲಿಲ್ಲ. ಅದು ಸೆಪ್ಟೆಂಬರ್ 15ರ 'ಸಂಡೇ ಗ್ರಾಫಿಕ್'. ಅದರಲ್ಲಿಯೂ ಮೋರ್‌ಕೇಂಬಿನ ಉತ್ಸವದ ಸುದ್ದಿಗಾಗಿ ಲ್ಯಾಂಕಾಸ್ಟರಿನ ಸುತ್ತುಮುತ್ತ ಮಾತ್ರ ಹಂಚಿದ ವಿಶೇಷ ಮುದ್ರಣ. ಪೊಲೀಸರು ಲ್ಯಾಂಕಾಸ್ಟರಿಗೆ ಬಂದು ಬಾಗಿಲು ತಟ್ಟಿದ್ದು ಆ ಕಾಗದದ ಬಲದಿಂದ. ವಿದ್ವಾಂಸರ ಪಾಲಿಗೆ ಬಂದ ಕೆಲಸ ಮುಂದಿನದು: ಈ ತುಂಡುಗಳು ಎಷ್ಟು ದೇಹ, ಯಾವುದು ಯಾರದು?

ಗ್ಲಾಸ್ಗೋವಿನ ನ್ಯಾಯವೈದ್ಯಶಾಸ್ತ್ರದ ಪ್ರೊಫೆಸರ್ ಜಾನ್ ಗ್ಲೇಸ್ಟರ್, ಎಡಿನ್‌ಬರೋದ ಅಂಗರಚನಾಶಾಸ್ತ್ರದ ಪ್ರೊಫೆಸರ್ ಜೇಮ್ಸ್ ಬ್ರಾಷ್ ಮೊದಲಾದವರು ತುಂಡುಗಳನ್ನು ಕೀಲಿಗೆ ಕೀಲು ಹೊಂದಿಸಿ ಎರಡು ದೇಹಗಳನ್ನು ಕಟ್ಟಿದರು. ಒಂದಕ್ಕೆ ಮುಂಡವೇ ಇರಲಿಲ್ಲ. ಎಲುಬಿನ ತುದಿಗಳ ಬೆಸುಗೆಯನ್ನು ನೋಡಿ ಒಂದರ ವಯಸ್ಸನ್ನು 18ರಿಂದ 25ರವರೆಗೆಂದೂ, ಇನ್ನೊಂದರದನ್ನು 35ರಿಂದ 45ರವರೆಗೆಂದೂ ಅಂದಾಜು ಮಾಡಿದರು. ಮೇರಿಗೆ 20, ಇಸಬೆಲ್ಲಾಳಿಗೆ 34. ಎರಡನೆಯ ಅಂದಾಜು ಒಂದು ವರ್ಷದಿಂದ ತಪ್ಪಿತೆಂಬುದನ್ನು ಓದುಗರು ಗಮನಿಸಬೇಕು. ಬಳಿಕ ಬ್ರಾಷ್ ಮಾಡಿದ ಕೆಲಸವೇ ಈ ಮೊಕದ್ದಮೆಯನ್ನು ಪಠ್ಯಪುಸ್ತಕಗಳಿಗೆ ಸೇರಿಸಿತು. ಇಸಬೆಲ್ಲಾ ಕಿರೀಟದಂಥ ಆಭರಣವನ್ನು ತೊಟ್ಟು ತೆಗೆಸಿಕೊಂಡ ಭಾವಚಿತ್ರವೊಂದು ಸಿಕ್ಕಿತು. ಆ ಆಭರಣವೂ ಸಿಕ್ಕಿತು. ಆಭರಣದ ನಿಜವಾದ ಅಳತೆಯಿಂದ ಚಿತ್ರವನ್ನು ಎಷ್ಟು ಹಿಗ್ಗಿಸಿದರೆ ಮುಖವು ಸಹಜಗಾತ್ರಕ್ಕೆ ಬರುವುದೆಂಬುದನ್ನು ಲೆಕ್ಕಹಾಕಿ, ಅದೇ ಗಾತ್ರದಲ್ಲಿ, ಅದೇ ಕೋನದಿಂದ ಬುರುಡೆಯ ಛಾಯಾಚಿತ್ರವನ್ನು ತೆಗೆದು, ಒಂದರ ಮೇಲೊಂದನ್ನಿಟ್ಟು ಮುದ್ರಿಸಿದರು. ಎರಡನೆಯ ಬುರುಡೆ ಇಸಬೆಲ್ಲಾಳ ಮುಖದೊಳಗೆ ಕುಳಿತಿತು. ಮೊದಲನೆಯದು ಆಕೆಯ ಮುಖಕ್ಕೆ ಯಾವ ವಿಧದಲ್ಲಿಯೂ ಒಪ್ಪಲಿಲ್ಲ. ಪಾದಗಳ ಅಚ್ಚು ತೆಗೆದು ಇಬ್ಬರ ಪಾದರಕ್ಷೆಗಳಲ್ಲಿಯೂ ಇಟ್ಟು ನೋಡಿದರು. ಮೇರಿಯ ಬೆರಳಗುರುತು ಮನೆಯ ಸಾಮಾನುಗಳ ಮೇಲಣ ಗುರುತಿನೊಡನೆ ಕೂಡಿತು. ಚಿತ್ರದ ಹೊಂದಿಕೆಯ ನಿಜವಾದ ಬಲವಿರುವುದು ಅಲ್ಲವೆನ್ನುವುದರಲ್ಲಿ; ಹೌದೆನ್ನುವುದಕ್ಕೆ ಅದೊಂದೇ ಸಾಲದು. 1936ರ ಮಾರ್ಚಿಯಲ್ಲಿ ಮ್ಯಾಂಚೆಸ್ಟರಿನಲ್ಲಿ, ಪ್ರಖ್ಯಾತ ವಕೀಲ ನಾರ್ಮನ್ ಬರ್ಕೆಟ್ ಪ್ರತಿವಾದಿಯ ಪರವಾಗಿ ನಿಂತು ಹೋರಾಡಿದರೂ, ರಕ್ಸ್‌ಟನ್ ಅಪರಾಧಿಯೆಂದು ತೀರ್ಮಾನವಾಯಿತು. ಅವನ ಪ್ರಾಣವನ್ನುಳಿಸಬೇಕೆಂದು ಲ್ಯಾಂಕಾಸ್ಟರಿನ ಸಾವಿರಾರು ಜನ ಅರ್ಜಿಗೆ ಸಹಿಹಾಕಿದ್ದು ವ್ಯರ್ಥವಾಗಿ, ಮೇ 12ರಂದು ಅವನನ್ನು ಗಲ್ಲಿಗೇರಿಸಿದರು.

ಒಬ್ಬೊಬ್ಬರ ಕೊಲೆಯಿಂದ ಸಾವಿರಾರು ಜನರ ಸಾವಿಗೆ ಈ ವಿದ್ಯೆಯನ್ನು ಎಳೆದುತಂದದ್ದು ಯುದ್ಧ. 1939ರಲ್ಲಿ ಟಾಡನ ಶಿಷ್ಯನಾದ ವಿಲ್ಟನ್ ಕ್ರೋಗ್‌ಮನ್ ಅಮೆರಿಕದ ಕೇಂದ್ರ ಪೊಲೀಸರ ಪತ್ರಿಕೆಯಲ್ಲಿ ಎಲುಬು ಗುರುತಿಸುವ ಕೈಪಿಡಿಯೊಂದನ್ನು ಬರೆದು ಶಾಸ್ತ್ರವನ್ನು ಪೊಲೀಸರ ಕೈಗಿತ್ತನು. ಮಹಾಯುದ್ಧ ಮುಗಿದ ಮೇಲೆ, ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಮಡಿದ ಸೈನಿಕರ ಎಲುಬುಗಳನ್ನು ಹವಾಯಿಗೆ ತಂದು ಹೆಸರು ಹುಡುಕುತ್ತಿದ್ದ ಸೈನ್ಯದ ಪ್ರಯೋಗಾಲಯಕ್ಕೆ, 1948ರಲ್ಲಿ ಮಿಲ್‌ಡ್ರೆಡ್ ಟ್ರಾಟರ್ ಎಂಬ ವಿದುಷಿ ಹೋಗಿ ಹದಿನಾಲ್ಕು ತಿಂಗಳು ಕೆಲಸ ಮಾಡಿದಳು. ಸೈನ್ಯಕ್ಕೆ ಸೇರುವಾಗಲೇ ಪ್ರತಿಯೊಬ್ಬನ ಎತ್ತರವನ್ನೂ ದಫ್ತರದಲ್ಲಿ ಬರೆದಿಟ್ಟಿದ್ದರಿಂದ, ಬದುಕಿದ್ದಾಗಿನ ಎತ್ತರ ಒಂದು ಕಡೆ, ಸತ್ತ ಮೇಲಿನ ಎಲುಬು ಇನ್ನೊಂದು ಕಡೆ, ಹೀಗೆ ಎರಡು ಬರಹಗಳೂ ಒಟ್ಟಿಗೆ ದೊರೆತ ಅಪೂರ್ವ ಸಂದರ್ಭವದು. ಅವಳೂ ಗ್ಲೆಸರ್ ಎಂಬ ಗಣಿತಜ್ಞೆಯೂ 1952ರಲ್ಲಿ ಪ್ರಕಟಿಸಿದ ಸೂತ್ರದಂತೆ, ಅಮೆರಿಕದ ಬಿಳಿಯ ಗಂಡಸಿನ ತೊಡೆಯೆಲುಬಿನ ಉದ್ದವನ್ನು 2.38ರಿಂದ ಗುಣಿಸಿ 61.41ನ್ನು ಕೂಡಿದರೆ ಎತ್ತರವು ಸೆಂಟಿಮೀಟರುಗಳಲ್ಲಿ ಬರುತ್ತದೆ. ಎಲುಬು 45 ಆದರೆ ಮನುಷ್ಯನು ಸುಮಾರು 168.5, ಅದೂ ಮೂರಕ್ಕೂ ಹೆಚ್ಚು ಸೆಂಟಿಮೀಟರುಗಳ ಏರಿಳಿತದೊಡನೆ. ಇಂಥ ಸೂತ್ರವನ್ನು ಬೇರೆ ಜನಕ್ಕೆ ಹಾಗೆಯೇ ಹಚ್ಚುವುದು ಅಪಾಯ. ಪೂರ್ವಬಂಗಾಳದ ಹಿಂದೂಗಳ ಎಲುಬುಗಳನ್ನು ಅಳೆದು ಪಾನ್ ಎಂಬ ವಿದ್ವಾಂಸರು 1924ರಲ್ಲಿಯೇ ಬೇರೆ ಪ್ರಮಾಣಗಳನ್ನು ಕೊಟ್ಟಿದ್ದರು. ಟ್ರಾಟರಳ ಕೆಲಸದಲ್ಲಿಯೂ ಒಂದು ಐಬಿತ್ತು: ಮೊಣಕಾಲಿನ ಕೆಳಗಣ ಎಲುಬನ್ನು ಅಳೆಯುವಾಗ, ಹರಡಿನ ಬಳಿ ಚಾಚಿರುವ ಮೊನೆಯನ್ನು, ತಾನೇ ಬರೆದ ವಿಧಾನಕ್ಕೆ ವಿರುದ್ಧವಾಗಿ, ಅವಳು ಬಿಟ್ಟಿದ್ದಳೆಂಬುದು ನಾಲ್ಕು ದಶಕಗಳ ಬಳಿಕ ಬೆಳಕಿಗೆ ಬಂತು, ಅಷ್ಟರಲ್ಲಿ ಲೋಕದ ನ್ಯಾಯಸ್ಥಾನಗಳೆಲ್ಲ ಆ ಸೂತ್ರವನ್ನು ಬಳಸಿಬಿಟ್ಟಿದ್ದವು.

ಅರ್ಜೆಂಟೀನದಲ್ಲಿ ನಡೆದದ್ದು ಇವೆಲ್ಲಕ್ಕಿಂತ ಬೇರೆ ಬಗೆಯದು. 1976ರ ಮಾರ್ಚಿಯಲ್ಲಿ ಅಧಿಕಾರವನ್ನು ಕಿತ್ತುಕೊಂಡ ಸೈನ್ಯಾಧಿಕಾರಿಗಳು, ತಮಗೆ ಬೇಡವಾದವರನ್ನು ರಾತ್ರಿಯಲ್ಲಿ ಮನೆಯಿಂದ ಎಳೆದೊಯ್ದು, ಹಿಂಸಿಸಿ ಕೊಂದು, ಅಂಥವರು ನಮ್ಮ ವಶದಲ್ಲಿಲ್ಲವೆಂದು ಏಳು ವರ್ಷಕಾಲ ಹೇಳುತ್ತ ಬಂದರು. 1984ರಲ್ಲಿ ರಾಷ್ಟ್ರೀಯ ವಿಚಾರಣಾಸಮಿತಿಯು ಪಟ್ಟಿಮಾಡಿದ ಕಾಣೆಯಾದವರ ಸಂಖ್ಯೆ 8,961. 30,000 ಎಂಬುದು ಸತ್ತವರ ಕಡೆಯವರ ಎಣಿಕೆ. ಸರ್ಕಾರ ಬದಲಾದೊಡನೆಯೇ ನ್ಯಾಯಾಧೀಶರು ಸ್ಮಶಾನಗಳನ್ನು ಅಗೆಯಿಸಿದರು. ಆದರೆ ಅಗೆದ ಕೂಲಿಗಳಿಗೆ ಎಲುಬಿನ ಬೆಲೆ ತಿಳಿಯದೆ, ಯಂತ್ರಗಳಿಂದಲೂ ಹಾರೆಗುದ್ದಲಿಗಳಿಂದಲೂ ಬುರುಡೆಗಳು ಒಡೆದು, ಒಬ್ಬನ ಎಲುಬು ಇನ್ನೊಬ್ಬನದರೊಡನೆ ಬೆರೆತು, ಮೇಲಕ್ಕೆ ಬಂದದ್ದು ರಾಶಿ. ಸಹಾಯ ಕೋರಿದಾಗ ಅಮೆರಿಕದಿಂದ ಬಂದವರಲ್ಲಿ ಟೆಕ್ಸಾಸ್ ಸೀಮೆಯ ಕ್ಲೈಡ್ ಸ್ನೋ ಒಬ್ಬನು. ಊರಿನ ವೃತ್ತಿಪರರು ಭಯದಿಂದಲೋ ಉದಾಸೀನದಿಂದಲೋ ಹಿಂದೆಗೆದುದರಿಂದ, ಅವನು ವೈದ್ಯವಿದ್ಯೆಯ, ಮಾನವಶಾಸ್ತ್ರದ, ಪುರಾತತ್ತ್ವದ ಕೆಲವು ವಿದ್ಯಾರ್ಥಿಗಳನ್ನು ಸೇರಿಸಿಕೊಂಡು, ಹಳೆಯ ನಗರಗಳನ್ನು ಅಗೆಯುವ ಸಾವಧಾನದಿಂದ ಗೋರಿಯನ್ನು ಅಗೆಯುವುದನ್ನು ಕಲಿಸಿದನು. ಆ ವಿದ್ಯಾರ್ಥಿಗಳ ಗುಂಪೇ ಬಳಿಕ ಅರ್ಜೆಂಟೀನದ ನ್ಯಾಯಿಕ ಮಾನವಶಾಸ್ತ್ರ ತಂಡವೆಂದು ಲೋಕದಲ್ಲೆಲ್ಲ ಹೆಸರಾಯಿತು. 1997ರಲ್ಲಿ ಬೊಲಿವಿಯದ ವಲ್ಯೆಗ್ರಾಂದೆಯಲ್ಲಿ, ಕೈಗಳಿಲ್ಲದ ಕಂಕಾಲವೊಂದನ್ನು ಹಲ್ಲುಗಳ ದಾಖಲೆಯಿಂದ ಚೆ ಗೆವಾರನದೆಂದು ಗುರುತಿಸಿದವರಲ್ಲಿ ಇವರೂ ಸೇರಿದ್ದರು.

ಇಲ್ಲಿ ಎದುರಾದ ತೊಡಕು ಎಲುಬಿನದಲ್ಲ. ಸತ್ತವರು ಹೆಚ್ಚಾಗಿ ಇಪ್ಪತ್ತು ಮೂವತ್ತರ ಆರೋಗ್ಯವಂತರು. ವೈದ್ಯರ ಬಳಿ ಹೋಗಿ ಕ್ಷಕಿರಣಚಿತ್ರ ತೆಗೆಸಿಕೊಂಡವರು ಕಡಮೆ. ದಂತವೈದ್ಯರ ಕಾಗದಗಳೂ ಅನೇಕ ವೇಳೆ ಉಳಿದಿರಲಿಲ್ಲ. ಆದುದರಿಂದ ತಂಡದವರು ಮನೆಮನೆಗೂ ಹೋಗಿ, ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಕೈ ಮುರಿದಿತ್ತೆ, ಮುಂದಿನ ಹಲ್ಲು ವಕ್ರವಾಗಿತ್ತೆ, ಎಂದು ತಾಯಂದಿರನ್ನು ಕೇಳಿ ಬರೆದುಕೊಂಡರು. ಇನ್ನೊಂದು ಬರಹವು ದೊರೆತದ್ದು ಕೊಂದವರ ಕಚೇರಿಗಳಲ್ಲಿಯೇ. ರಾಜ್ಯವು ಗುಟ್ಟಾಗಿ ಕೊಂದರೂ ಅದರ ಗುಮಾಸ್ತರು ತಮ್ಮ ರೂಢಿಯನ್ನು ಬಿಟ್ಟಿರಲಿಲ್ಲ. ಬೀದಿಯಲ್ಲಿ ಬಿದ್ದ ಹೆಣಕ್ಕೆ ಬೆರಳಗುರುತು ಒತ್ತಿಸಿ, ಮರಣಪತ್ರ ಬರೆದು, ಹೆಸರಿನ ಜಾಗದಲ್ಲಿ ಅಜ್ಞಾತವೆಂಬುದಕ್ಕೆ ಎನ್. ಎನ್. ಎಂದು ಎರಡಕ್ಷರ ಹಾಕಿ, ಸ್ಮಶಾನದ ವಹಿಯಲ್ಲಿ ಗುಣಿಯ ಸಂಖ್ಯೆಯನ್ನು ಸೇರಿಸಿದ್ದರು. ಆ ವಹಿಗಳನ್ನು ಓದಿ ಯಾವ ಗುಣಿಯಲ್ಲಿ ಯಾವ ದಿನ ಎಂಥವರನ್ನು ಹೂಳಿದರೆಂಬುದನ್ನು ತಂಡದವರು ಲೆಕ್ಕಹಾಕಿದರು. ಅವೆಲ್ಯಾನೇಡ ಸ್ಮಶಾನದ ಒಂದೇ ಮೂಲೆಯಿಂದ 1988ರ ಮೇಲಣ ನಾಲ್ಕು ವರ್ಷಗಳಲ್ಲಿ ಮೇಲೆತ್ತಿದ ಕಂಕಾಲಗಳು 300ನ್ನು ಮೀರಿದವು.

ಒಂದು ಗೋರಿಯಲ್ಲಿ ದೊರೆತದ್ದಕ್ಕಿಂತ ದೊರೆಯದೆಹೋದದ್ದೇ ದೊಡ್ಡ ಸಾಕ್ಷ್ಯವಾಯಿತು. ತಂದೆ, ತಾಯಿ, ಇಬ್ಬರು ಮಕ್ಕಳು, ಆರು ತಿಂಗಳ ಶಿಶು, ಎಲ್ಲರೂ ಸತ್ತರೆಂದು ಸೈನ್ಯವು ಹೇಳಿದ್ದ ಒಂದು ಕುಟುಂಬದ ಶವಪೆಟ್ಟಿಗೆಗಳನ್ನು ತೆರೆದಾಗ, ಶಿಶುವಿನ ಪೆಟ್ಟಿಗೆಯಲ್ಲಿ ಬಟ್ಟೆಬರೆಗಳಿದ್ದವೇ ಹೊರತು ಎಲುಬಿನ ಒಂದು ಚೂರೂ ಇರಲಿಲ್ಲ. ಶಿಶುವನ್ನು ಕೊಂದಿಲ್ಲ, ಯಾರಿಗೋ ಕೊಟ್ಟಿದ್ದಾರೆ ಎಂಬುದು ಅದರಿಂದ ಸಿದ್ಧವಾಯಿತು. 1977ರಿಂದಲೇ ರಾಜಧಾನಿಯ ಮೇ ಚೌಕದಲ್ಲಿ ಮೊಮ್ಮಕ್ಕಳಿಗಾಗಿ ಕೂಗಿಡುತ್ತಿದ್ದ ಅಜ್ಜಿಯರ ಸಂದೇಹವೂ ಇದೇ ಆಗಿತ್ತು. ತಂದೆತಾಯಿಗಳಿಬ್ಬರೂ ಇಲ್ಲದಿರುವಾಗ ಮಗುವು ಯಾರದೆಂದು ಅಜ್ಜ ಅಜ್ಜಿಯರ ರಕ್ತದಿಂದ ಹೇಳಬಹುದೇ ಎಂದು ಅವರು ದೇಶದೇಶದ ವಿಜ್ಞಾನಿಗಳನ್ನು ಕೇಳುತ್ತ ಹೋದರು. ಕ್ಯಾಲಿಫೋರ್ನಿಯದ ಮೇರಿ ಕ್ಲೇರ್ ಕಿಂಗ್ 1984ರಲ್ಲಿ ಬಂದು ಅದರ ಗಣಿತವನ್ನೂ ಪ್ರಯೋಗವನ್ನೂ ಸಿದ್ಧಗೊಳಿಸಿದಳು. ಹದಿಮೂರನೆಯ ಶತಮಾನದ ಚೀನದಲ್ಲಿ, 1247ರಲ್ಲಿ ಮರಣವಿಚಾರಣೆಯ ಕೈಪಿಡಿಯನ್ನು ಬರೆದ ಸೊಂಗ್ ತ್ಸು ಎಂಬ ನ್ಯಾಯಾಧಿಕಾರಿ, ಮಗನ ರಕ್ತದ ಹನಿಯನ್ನು ತಂದೆಯ ಎಲುಬಿನ ಮೇಲೆ ಬಿಟ್ಟರೆ ಅದು ಒಳಕ್ಕೆ ಇಂಗುವುದೆಂದು ನಂಬಿದ್ದನು. ಅವನ ಪರೀಕ್ಷೆ ಹುಸಿ. ಎಲುಬು ಯಾರದೆಂಬುದಕ್ಕೆ ಉತ್ತರ ಮನೆಯವರ ಮೈಯಲ್ಲಿದೆಯೆಂಬ ಅವನ ಊಹೆ ಮಾತ್ರ, ವಂಶವಾಹಿಯ ಪರೀಕ್ಷೆ ಬಂದ ಮೇಲೆ, ಅವನು ಕನಸಿನಲ್ಲಿಯೂ ಕಾಣದ ರೀತಿಯಲ್ಲಿ ನಿಜವಾಯಿತು. 1987ರಲ್ಲಿ ಅರ್ಜೆಂಟೀನವು ಕಾನೂನು ಮಾಡಿ ಆ ಕುಟುಂಬಗಳ ರಕ್ತವನ್ನು ಕಾದಿಡುವ ರಾಷ್ಟ್ರೀಯ ಭಂಡಾರವೊಂದನ್ನು ಸ್ಥಾಪಿಸಿತು. ಗುರುತು ಹತ್ತಿದ ಮೊಮ್ಮಕ್ಕಳ ಸಂಖ್ಯೆ ಈಗ 130ನ್ನು ದಾಟಿದೆ.

ಅಲ್ಲಿಂದೀಚೆಗೆ ವೃತ್ತಿಯ ಕ್ರಮವೇ ತಿರುಗಿತೆನ್ನಬಹುದು. ಪಾರ್ಕ್‌ಮನ್ನನ ಕಾಲದಲ್ಲಿ ಮೊದಲು ಎಲುಬು ಸಿಕ್ಕಿ, ಅನಂತರ ಅಚ್ಚನ್ನು ಹುಡುಕಿದರು. ಅರ್ಜೆಂಟೀನದ ತಂಡದ ಕೋಣೆಗಳಲ್ಲಿ, ಶ್ರೋಣಿಯೂ ವಯಸ್ಸೂ ಎತ್ತರವೂ ನಿರ್ಧಾರವಾಗಿ, ಗುಂಡು ಹೊಕ್ಕ ದಾರಿಯೂ ತಿಳಿದು, ಹೆಸರು ಮಾತ್ರ ತಿಳಿಯದ ನೂರಾರು ಕಂಕಾಲಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಕಾಯುತ್ತಿದ್ದವು. ಹೆಸರು ಹೇಳಬಲ್ಲ ತಾಯಿತಂದೆಗಳಿಗೋ ಎಂಬತ್ತು ಸಮೀಪಿಸುತ್ತಿತ್ತು. ಎಲುಬು ಕಾದೀತು, ಅವರು ಕಾಯಲಾರರು. 2007ರಲ್ಲಿ ಅರ್ಜೆಂಟೀನ, ಪೆರು, ಗ್ವಾಟೆಮಾಲ ದೇಶಗಳ ತಂಡಗಳು ಕೂಡಿ, ಕಾಣೆಯಾದವರ ಮನೆಯವರೆಲ್ಲರೂ ಬಂದು ರಕ್ತವನ್ನು ಕೊಡಬೇಕೆಂದು ಕರೆಕೊಟ್ಟವು. ಯಾವ ಗುಣಿಯನ್ನು ಅಗೆಯಬೇಕೆಂಬುದು ಇನ್ನೂ ಗೊತ್ತಿಲ್ಲದವರ ಪಾಲಿಗೂ, ಅಣ್ಣತಮ್ಮಂದಿರ, ಅಕ್ಕತಂಗಿಯರ ರಕ್ತದ ಹನಿಗಳನ್ನು ಸಂಖ್ಯೆ ಹಾಕಿ ಮೊದಲೇ ತೆಗೆದಿಟ್ಟರು.